ಎಳ್ಳಮಾಸಿ ದಿನ ಕಮಲಾಪುರದಾಗ ಹುಕುಂ ಸಾರಿದ್ದು

ಅಲ್ಲಲೇ, ನಾ ಕುಡಿಲಿಲ್ಲಂದ್ರ ನೀವೂ ಕುಡಿಯಂಗಿಲ್ಲ ಅಂದ್ರ ಅದೆಂಥ ನ್ಯಾಯ? ಮೂಗು ಸೋರ್ಲಾಕತ್ತಿದ್ದು ನಿಮ್ದು, ನಂದಲ್ಲ. "ಕಾಕಾ, ಕಷಾಯ ಅಂದ್ರ ನೀ ಯಾಕ ಮಾರಿ ತಿರುವ್ತಿ?" ಅಂತ ಕೇಳ್ತೀರಿ. ತಿರುವ್ತೀನಪ್ಪ. ಕಷಾಯ ಏನಂತ ನನಗ ಗೊತ್ತದ, ನಾ ಏನಂತ ಕಷಾಯಕ್ಕೂ ಗೊತ್ತದ. ಇಲ್ಲಿ ಬರ್ರಿ, ಬಿಸಿಲಿಗೆ ಕುಂದ್ರಿ. ಏ ತಮ್ಮಾ, ಮೊದಲ ಕಿವಿಗೆ ಅರಿವಿ ಕಟ್ಕೋ. ಹಾಂ. ಅಪ್ಪ ತೀರ್ಕೊಂಡ ವರ್ಷ ಅದು. ಮಳಿ ಕೈಕೊಟ್ಟ ವರ್ಷ... ಅಲ್ಲ ಅಲ್ಲ, ಮಳಿ ಕೈಕೊಟ್ಟಾಗ ಅಪ್ಪ ಇದ್ದ, ಅದರ ಮುಂದಿನ ವರ್ಷ. ಮನ್ಯಾಗ ಜ್ವಾಳದ ಚೀಲ ಇತ್ತು, ಚೀಲದಾಗ ಜ್ವಾಳ ಇರಲಿಲ್ಲ. ಅವ್ವ ಮಂದಿ ಮನ್ಯಾಗ ಬೀಸಲಾಕ ಹೋಗ್ತಿದ್ದಳು, ಅವ್ರು ಕೊಟ್ಟ ಹಿಟ್ಟಿನ್ಯಾಗ ನಮ್ಮ ರೊಟ್ಟಿ. ನನಗ ಬರ್ತಿದ್ದ ವಿದ್ಯಾ ಒಂದೇ, ಒದರೋದು. ಖರೇನ ಹೇಳ್ತೀನಿ, ನಮ್ಮ ಎಮ್ಮಿ ಕರದ್ರ ಬಾಜು ಓಣಿ ಎಮ್ಮಿನೂ ಬರ್ತಿದ್ವು, ಅವನ್ನ ತಿರುಗಿ ಕಳಸೋದೇ ಒಂದು ಕೆಲಸ. ಒಮ್ಮಿ ಶರಣಬಸವೇಶ್ವರ ಗುಡಿ ಕಡಿ ಹಿಂಗೇ ಎಮ್ಮಿ ಕರಿಲಾಕತ್ತಿದ್ದೆ, ಸಫಾಯಿ ಕಚೇರಿ ಮುನ್ಷಿ ಸಾಹೇಬರು ಟಾಂಗಾದಾಗ ಹೊಂಟಿದ್ರು. ಟಾಂಗಾದ ಕುದುರಿ ಬೆದರಿ ನಿಂತುಬಿಡ್ತು. ನಾ ಬೈಸ್ಕೊಳ್ಳಾಕ ತಯಾರಾಗಿ ನಿಂತೆ. ಅವ್ರು ಇಳದು ಬಂದು, "ಅರೆ ಮಿಯಾ, ಇಂಥಾ ಆವಾಜ್ ಎಮ್ಮಿಗೆ ಯಾಕ ಖರ್ಚ ಮಾಡ್ತಿ? ಸರ್ಕಾರಕ್ಕ ಕೊಡು," ಅಂದ್ರು. ಹಂಗ ನನಗ ನೌಕರಿ ಸಿಕ್ತು. ಊರೂರಿಗೆ ಹೋಗಿ ಸರ್ಕಾರದ ಹುಕುಂ ಕನ್ನಡದಾಗ ಸಾರೋದು. ಆದ್ರ ಕಚ್ಚಾ ನೌಕರಿ, ಪಕ್ಕಾ ಅಲ್ಲ. "ಛಲೋ ಸಾರಿದ್ರ ಪಕ್ಕಾ ಮಾಡ್ತೀನಿ, ಇಲ್ಲಾಂದ್ರ ನಮ್ಮ ಮೆವ್ಣಾ, ಹೆಂಡ್ತಿ ತಮ್ಮ, ಖಾಲಿ ಕುಂತಾನ," ಅಂತ ಮುನ್ಷಿಯವ್ರು ಮೊದಲ ದಿನಾನೇ ಹೇಳಿಬಿಟ್ರು. ಆ ಮೆವ್ಣನ್ನ ನಾ ಒಮ್ಮಿನೂ ನೋಡಿಲ್ಲ, ಕನಸಿನ್ಯಾಗ ಮಾತ್ರ ಬರ್ತಿದ್ದ.

ಮೊದಲನೇ ಹುಕುಂ ಏನು ಬಂತು ಅಂತೀರಿ? ಚಳಿಗಾಲದಾಗ ಮೈ ಹೆಂಗ ಕಾಯ್ಕೋಬೇಕು ಅಂತ. ನೀರು ಕಾಸಿ ಕುಡೀರಿ, ತಂಗಳ ಉಣಬ್ಯಾಡ್ರಿ, ಬೈಲಾಗ ಗಾಳಿಗೆ ಕುಂತು ಉಣಬ್ಯಾಡ್ರಿ, ಕೆಮ್ಮಿದ್ದವ್ರು ಮಂದ್ಯಾಗ ಸೇರಬ್ಯಾಡ್ರಿ, ಬಾಗಿಲಾ ಮುಚ್ಚಿದ ಖೋಲ್ಯಾಗ ಕೆಂಡ ಇಟ್ಕೊಂಡು ಮಲಗಬ್ಯಾಡ್ರಿ. ಈ ಕಡಿಗಿನ ಮಾತು ನನಗ ತಿಳಿಲಿಲ್ಲ. "ಸಾಹೇಬ್ರ, ಕೆಂಡ ಬೆಚ್ಚಗ ಇಡ್ತದಲ್ರಿ, ಅದ್ಯಾಕ ಬ್ಯಾಡ?" ಅಂತ ಕೇಳ್ದೆ. "ಡಾಕ್ಟರ್ ಸಾಹೇಬರು ಬರದಾರ. ಕೆಂಡ ಖೋಲ್ಯಾಗಿನ ಹವಾ ಕೆಡಸ್ತದಂತ, ಮಲಗಿದವ ಏಳಂಗೇ ಇಲ್ಲಂತ," ಅಂದ್ರು. ನಾ ನಂಬಲಿಲ್ಲ. ನಂಬೋದು ನನ್ನ ಕೆಲಸ ಅಲ್ಲ, ಒದರೋದು ನನ್ನ ಕೆಲಸ. ಹಂಗಂತ ಅವತ್ತಿಂದಾನೇ ಪ್ರಾಕ್ಟೀಸ್ ಹಚ್ಚಿದೆ, ಬೆಳಕು ಹರಿಯೋ ಮೊದಲ ಥಂಡ್ಯಾಗ ಕೆರಿ ದಂಡಿ ಮ್ಯಾಲ ನಿಂತು, "ಥಂಡ್ಯಾಗ ಹೊರಗ ನಿಂದರಬ್ಯಾಡ್ರೀ" ಅಂತ ಒದರೋದು. ಗಂಟಲ ಕಟ್ಟದ ಇನ್ನೇನು ಮಾಡ್ತದ? ಅವ್ವ ನೋಡಿದಳು, ಶುಂಠಿ, ಮೆಣಸು, ಓಂಕಾಳು ಹಾಕಿ ಕಷಾಯ ಕುಡಿಸಿದಳು. "ಇದರ ಮ್ಯಾಲ ಏನೂ ಕುಡಿಬ್ಯಾಡ." ಮೋಮಿನಪುರದ ಹಕೀಮರ ಕಡಿ ಹೋದೆ, ಅವ್ರು ಜೋಶಾಂದಾ ಅಂತ ಕೊಟ್ರು, ಅದೂ ಕಷಾಯಾನೇ, ಉರ್ದುದಾಗ ಕಹಿ ಇರ್ತದ. "ಇದರ ಮ್ಯಾಲ ಬಿಸಿ ಹಾಲು ಕುಡಿ." ಬಾಜು ಮನಿ ಕಾಕು ಅಂದಳು, "ಹಾಲು? ಅಯ್ಯ ಶಿವನೇ, ಕಫಾ ಆಗ್ತದ! ಬಳ್ಳೊಳ್ಳಿ ಕುದಿಸಿದ ಕುಸುಬಿ ಎಣ್ಣಿ ಒಂದು ಗುಟುಕು ಹಾಕು." ಯಾರಿಗೂ ಬ್ಯಾಸರ ಆಗಬಾರ್ದು ನೋಡ್ರಿ, ಎಲ್ಲಾನೂ ತಗೊಂಡೆ. ಎಲ್ಲಾ ಕೂಡಿ ಹೊಟ್ಟ್ಯಾಗ ಪಂಚಾಯ್ತಿ ಮಾಡಿದ್ವು, ಶಿಕ್ಷಾ ಗಂಟಲಕ್ಕ ಆಯ್ತು. ಮರುದಿನ ಬಾಯಿ ತಗದ್ರ ಬರೇ ಗಾಳಿ. ನೆಗಡಿ ಒಂದೇ, ಔಷಧ ಯಾಕ ಮನಿಗೊಂದು ಅಂತ ನನಗ ಇವತ್ತಿಗೂ ತಿಳಿದಿಲ್ಲ, ನಿಮಗ ತಿಳಿದ್ರ ಹೇಳ್ರಿ.

ಆ ದಿನಾನೇ ಮುನ್ಷಿಯವ್ರು ಕರದ್ರು. "ನಾಡಿದ್ದು ಕಮಲಾಪುರದಾಗ ಸಾರು. ನಾ ದೌರಾ ಮ್ಯಾಲ ಅಲ್ಲೇ ಬರ್ತೀನಿ, ಮಂದೀನ ಕೇಳ್ತೀನಿ, ಏನು ಸಾರಿದ ಅಂತ. ಹೇಳಿದ್ರ ನೌಕರಿ ಪಕ್ಕಾ." ನಾಡಿದ್ದು ಎಳ್ಳಮಾಸಿ! ನಮ್ಮ ಕಡಿ ಎಳ್ಳಮಾಸಿಗೆ ಊರಾಗ ಯಾರಿರ್ತಾರ? ಭೂಮಿತಾಯಿಗೆ ಎಡಿ ಮಾಡಿ ಹೊಲದಾಗ ಚರಗ ಚೆಲ್ಲಲಾಕ ಮಂದಿ ಎಲ್ಲಾ ಬಂಡಿ ಹೂಡ್ಕೊಂಡು ಹೋಗಿರ್ತಾರ. ಅದನ್ನ ಹೇಳಬೇಕಂದ್ರ ಆವಾಜ್ ಇಲ್ಲ, ಆವಾಜ್ ಇಲ್ಲಂತ ತೋರಿಸಿದ್ರ ಮೆವ್ಣಾ ಬರ್ತಾನ. ಕೈ ಮಾಡಿ ತೋರಿಸ್ದೆ, ಹೊಲ, ಬಂಡಿ, ಕುಂತು ಉಣ್ಣೋದು. ಮುನ್ಷಿಯವ್ರು ನೋಡಿ, "ಊಟದ ಚಿಂತಿ ಮಾಡಬ್ಯಾಡ, ಸಿಗ್ತದ," ಅಂದ್ರು. ನಾ ಗೋಣ ಹಾಕಿ ಹೊರಗ ಬಂದೆ.

ಬಾಳೆಹಣ್ಣು ತರಲಾಕ ಹೊಂಟ ಬಂಡ್ಯಾಗ ಕುಂತು ಕಮಲಾಪುರ ಮುಟ್ಟಿದೆ. ಮುಂಜಾನಿ ಎದ್ದು ಬಜಾರಕ್ಕ ಹೋದ್ರ ಬಾಗಿಲಿಗೆಲ್ಲ ಕೀಲಿ. ಒಂದು ಆಡು ನಿಂತಿತ್ತು. ನಾ ಆಡಿನ ಮಾರಿ ನೋಡ್ದೆ, ಆಡು ನನ್ನ ಮಾರಿ ನೋಡ್ತು. ಆಡಿಗೆ ಸಾರಿದ್ರ ಮುನ್ಷಿಯವ್ರು ಕೇಳಿದಾಗ ಅದೇನು ಹೇಳ್ತದ? ಇನ್ನ ಹೊಲಕ್ಕ ಹೊಂಟೆ. ಎಳ್ಳಮಾಸಿ ದಿನ ಹೊಲದ ದಂಡಿಗೆ ಹಾದವನ್ನ ಉಣಸದೆ ಬಿಡಂಗಿಲ್ಲ, ಅದು ನಮ್ಮ ಪದ್ಧತಿ, ನಿಮಗ ಗೊತ್ತೇ ಅದ. ಮೊದಲನೇ ಹೊಲದಾಗ, "ಬರ್ರೀ ಬರ್ರೀ" ಅಂತ ಕೈ ಹಿಡದು ಕೂಡಿಸಿದ್ರು. ನಾ ಬಾಯಿ ತಗದೆ ಸಾರಲಾಕ, ಅವ್ರು ಬಾಯಾಗ ಸಜ್ಜಿ ಕಡುಬು ಇಟ್ರು. ಎರಡನೇದ್ರಾಗ ಹಸಿ ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಮುಂದಿಂದ್ರಾಗ ತಣ್ಣಗಂದ್ರ ತಣ್ಣಗ ಮಜ್ಜಿಗಿ ಅಂಬಲಿ. ಅಂಗಿ ಕಿಸ್ಯಾಗ ಸರ್ಕಾರದ ಹುಕುಂ, ಗಾಳಿಗೆ ಕುಂತು ಉಣಬ್ಯಾಡ್ರಿ ಅಂತ. ನಾ ಗಾಳಿಗೆ ಕುಂತು ಉಣ್ಲಾಕತ್ತೀನಿ, ಮಂದ್ಯಾಗ ಕೆಮ್ಮಲಾಕತ್ತೀನಿ. ಒಂದು ಮಾತು ಹೊರಗ ಬಂದಿಲ್ಲ, ಹೊಟ್ಟಿ ಮಾತ್ರ ಮುಂದ ಬಂದದ.

ಹಳ್ಳದ ದಂಡಿ ಹೊಲದಾಗ ನಿಂಗವ್ವ ಅಂತ ಒಬ್ಬಾಕಿ ವಯಸ್ಸಾದ ಆಯಿ. "ಯಾಕೋ ತಮ್ಮಾ, ಮೂಕ ಇದ್ದಿಯೇನು?" ಅಂದಳು. ನಾ ಆಕಿ ಕಿವಿ ಹಂತ್ಯಾಕ ಹೋಗಿ ಪಿಸುಪಿಸು ಅಂತ ಹೇಳ್ದೆ, ಹಿಂಗಿಂಗ, ಸರ್ಕಾರದ ಹುಕುಂ ಅದ ಅಂತ. "ಹೇಳು, ಕೇಳೋಣ." ನೀರು ಕಾಸ್ರಿ ಅಂದೆ. "ಕಟಗಿ ಸರ್ಕಾರ ಕೊಡ್ತದೇನು?" ತಂಗಳ ಬ್ಯಾಡ ಅಂದೆ. "ಬಿಸಿದು ಮಾಡಿದ್ದ ಉಳಿದ್ರ ಅಲ್ಲೇನು ತಂಗಳ? ನಮ್ಮಲ್ಲಿ ಉಳಿಯಂಗೇ ಇಲ್ಲ ಅಂತ ಬರಕೋ." ಹಿಂಗ ಒಂದೊಂದಕ್ಕೂ ಒಂದೊಂದು. ಕಡಿಗೆ, ಮುಚ್ಚಿದ ಖೋಲ್ಯಾಗ ಕೆಂಡ ಇಡಬ್ಯಾಡ್ರಿ, ಮಲಗಿದವ್ರು ಏಳಂಗಿಲ್ಲ ಅಂದೆ. "ಯಾಕ ಏಳಂಗಿಲ್ಲ?" ಹವಾ ಕೆಡ್ತದಂತ. "ತಲಿ ಭಾರ ಆಗ್ತದೇನು?" ನನಗೇನು ಗೊತ್ತು? ಆಗಬಹುದು ಅಂದೆ. "ಓಕರಿಕಿ?" ಅದೂ ಬರಬಹುದು ಅಂದೆ. ಆಕಿ ಎದ್ದೇಬಿಟ್ಟಳು. "ಏ ಶರಣ್ಯಾ! ಓಡೋ ಮನಿಗೆ! ಬಾಗಿಲಾ ತೆಗಿ! ಬಾಣಂತಿ ಮಂಚದ ಬುಡಕ ಕೆಂಡದ ಬುಟ್ಟಿ ಅದ!" ಆಕಿ ಸೊಸಿ ಹಡದು ಮನ್ಯಾಗ ಮಲಗಿದ್ದಳು, ಕೂಸಿನ ಜೋಡಿ. ತಲಿ ಭಾರ ಅಂತಿದ್ದಳಂತ, ಇವ್ರು ಗಾಳಿ ಬಡದದ ಅಂತ ತಿಳದು ಕಿಡಕಿನೂ ಮುಚ್ಚಿ, ಕಬ್ಬಿಣ ಬುಟ್ಟ್ಯಾಗ ಕೆಂಡ ಇನ್ನೊಂದಿಷ್ಟು ಹಾಕಿ ಹೊಲಕ್ಕ ಬಂದಾರ. ಮಗ ಶರಣಪ್ಪ ಓಡ್ದ, ಆಯಿ ಓಡ್ದಳು, ನಾನೂ ಓಡ್ದೆ. ಆ ಹೊಟ್ಟಿ ತಗೊಂಡು ಓಡೋದಂದ್ರ ಏನು ಹೇಳ್ಲಿ.

ಬಾಗಿಲಾ ತಗದಾಗ ಆ ಹುಡುಗಿ ಕರದ್ರ ಕಣ್ಣು ತಗೀಲಿಲ್ಲ. ಕೂಸು ಅಳಲಾಕತ್ತಿರಲಿಲ್ಲ. ನನಗ ನಗಿ ಬರದಿದ್ದ ಹೊತ್ತು ನನ್ನ ಜನ್ಮದಾಗ ಭಾಳ ಇಲ್ಲ, ಅದೊಂದು. ಶರಣಪ್ಪ ಹೆಂಡ್ತಿನ್ನ ಎತ್ತಿ ಅಂಗಳಕ್ಕ ತಂದ, ಆಯಿ ಕೂಸಿನ್ನ ತಂದಳು, ಗಾಳಿ ಬಡೀತು, ಥಂಡಿ ಗಾಳಿ. ಎಲ್ಲಾರೂ ಅಂಜಿ ಮುಚ್ಚಿ ಇಡ್ತಾರ ನೋಡ್ರಿ, ಅದೇ ಗಾಳಿ. ಮೊದಲ ಕೂಸು ಕಿಟಾರನ ಚೀರ್ತು. ಆ ಆವಾಜ್ ಮುಂದ ನನ್ನ ಆವಾಜ್ ಏನೂ ಅಲ್ಲ. ಆಮ್ಯಾಲ ಆಕಿ ಕಣ್ಣು ತಗದು, ಅಂಗಳದಾಗ ನಿಂತ ನನ್ನ ನೋಡಿ, "ಯಾರಿಂವ?" ಅಂದಳು.

ಮುನ್ಷಿ ಸಾಹೇಬರು ಆ ಹೊತ್ತಿಗೇ ಬಂದ್ರು. ಬಜಾರದಾಗ ಆಡಿನ್ನ ನೋಡಿ, ಹೊಲದ ಕಡಿ ಹೋದ್ರ ಮಂದಿ ಅವ್ರನ್ನೂ ಬಿಡದೆ ಉಣಸ್ಯಾರ, ಮೀಸಿಗೆ ಭಜ್ಜಿ ಹತ್ತಿತ್ತು. "ಆಯಿ, ಇಂವ ಏನು ಸಾರಿದ?" ಆಯಿ ಅಂದಳು, "ಸಾರಲಿಲ್ರಿ. ಕಿವ್ಯಾಗ ಹೇಳ್ದ." "ಕಿವ್ಯಾಗ? ಸರ್ಕಾರದ ಹುಕುಂ ಕಿವ್ಯಾಗ? ಎಷ್ಟು ಮಂದಿಗೆ?" "ನನಗೊಬ್ಬಾಕಿಗೆ." ನಾ ಮನಸಿನ್ಯಾಗೇ ಮೆವ್ಣಗ ಶರಣು ಅಂದೆ. ಆಯಿ ಸೆರಗ ಬಿಗಿದು, "ಸಾಹೇಬ್ರ, ನನಗ ಹೇಳಿದ ಮ್ಯಾಲ ಇನ್ನ ಯಾರಿಗೆ ಹೇಳಬೇಕು?" ಅಂತ ಹೊಂಟಳು ನೋಡ್ರಿ. ಹೊತ್ತು ಮುಳುಗೋದ್ರಾಗ ಬಂಡಿ ಒಂದೊಂದೇ ಊರಿಗೆ ಬರ್ಲಾಕತ್ತಿದ್ವು, ಬಂದ ಬಂಡಿಗೆಲ್ಲ ಅಡ್ಡ ನಿಂತು ಆಕಿ ಬಾಣಂತಿ ಕಥಿ ಹೇಳಿದಳು. ಮನಿಮನಿ ಕೆಂಡದ ಬುಟ್ಟಿ ಅಂಗಳಕ್ಕ ಬಂದ್ವು. ಮುನ್ಷಿಯವ್ರು ಅಂಗಳದಾಗಿನ ಬುಟ್ಟಿ ಒಂದೊಂದೇ ಎಣಸಿದ್ರು. ಆಮ್ಯಾಲ, "ನೌಕರಿ ಪಕ್ಕಾ. ಆದ್ರ ಕಚೇರ್ಯಾಗ ಒದರಿದಿ ಅಂತಾನೇ ಹೇಳು," ಅಂದ್ರು.

ಮನಿಗೆ ಬಂದು, ಪಿಸುಮಾತಿನ್ಯಾಗೇ ಅವ್ವಗ ಎಲ್ಲಾ ಹೇಳ್ದೆ, ಆಡಿಂದ ಹಿಡದು ನೌಕರಿ ತನಕ. ನೌಕರಿ ಅಂದಾಗರ ಖುಷಿ ಪಡ್ತಾಳ ಅಂತ ಮಾರಿ ನೋಡ್ದೆ. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿ, "ಅದೆಲ್ಲಾ ಇರ್ಲಿ," ಅಂದಳು. "ಊರ ಮಂದಿ ಎಲ್ಲಾ ಹೊಲದಾಗ ಕುಂತು ಉಂಡ್ರಿ. ಆ ಬಾಣಂತಿ ಹಂತ್ಯಾಕ ಒಬ್ರರ ಕುಂತಿದ್ರೇನು? ಚಳಿಗಾಲದಾಗ ಮನಷ್ಯಾಗ ಮೊದಲ ಬೇಕಾದ್ದು ಬಾಜೂಕ ಇನ್ನೊಬ್ಬ ಮನಷ್ಯಾನೋ ಹುಚ್ಚಪ್ಪ, ಕಂಬಳಿ ಕೆಂಡ ಎಲ್ಲಾ ಆಮ್ಯಾಲ."