ಬಲಗಡೆ ಟೈರಿನ ಒಳ ಅಂಚು

ಆ ಬಾಗಿಲೊಂದು ಹಾಕಿ ಮೊದಲು, ಗಾಳಿ ಬರ್ತಿದೆ. ಹಾಂ... ಈಗ ಕೇಳಿ. ನಂಬದವರು ನಂಬಬೇಡಿ, ನನ್ನ ಗಂಟೇನೂ ಹೋಗಲ್ಲ. ಆದರೆ ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಬೀದಿ ಕೊನೇ ಮನೆ ಪಾಂಫಿಲನಿಗೆ ಆದದ್ದು.

ಅವತ್ತು ಮಬ್ಬುಗತ್ತಲಲ್ಲಿ ಪಾಂಫಿಲ್ ನಡಕೊಂಡು ಮನೆಗೆ ಬರ್ತಿದ್ದ. ಕಾರನ್ನ ರಿಪೇರಿಗೆ ಅಂತ ಮೆಕ್ಯಾನಿಕ್ ಕೋಸ್ತಾಕೆಯ ಗ್ಯಾರೇಜಲ್ಲಿ ಬಿಟ್ಟಿದ್ದ. ರಸ್ತೆ ಪಕ್ಕದ ಏತದ ಬಾವಿ ಹತ್ತಿರ ಬಂದಾಗ ಏತದ ಮರ ಗಾಳಿಗೆ 'ಕ್ರೀ...ಕ್' ಅಂತು. ಪಾಂಫಿಲ್ ನಿಂತ. ಬಲಕ್ಕೆ ತಿರುಗಿ, "ನೀರು ಕುಡೀತೀಯಾ?" ಅನ್ನೋಕೆ ಬಾಯಿ ತೆರೆದ...

ಬಲಗಡೆ ಯಾರೂ ಇರಲಿಲ್ಲ. ಇರೋದಾದರೂ ಹೇಗೆ? ಹೆಂಡತಿ ಸಾಫ್ತಾ ಸತ್ತು ವರ್ಷ ಆಗ್ತಾ ಬಂದಿತ್ತು. ವಿಚಿತ್ರ ಏನಂದ್ರೆ, ದಾರೀಲಿ ಹೋಗುವಾಗ ಅವನಿಗೆ ಒಂಟಿ ಅನ್ನಿಸಿದ್ದು ಅವತ್ತೇ ಮೊದಲು. ಮನೇಲಿ ಅನ್ನಿಸ್ತಿತ್ತು. ಮನೆ ಅವನನ್ನ ತಿಂದುಹಾಕ್ತಿತ್ತು. ಕಾರಲ್ಲಿ ಕೂತರೆ ಮಾತ್ರ ಜೀವಕ್ಕೆ ಹಾಯೆನಿಸೋದು. ಅದಕ್ಕೇ ಕೆಲಸ ಇರಲಿ ಬಿಡಲಿ, ದಿನಾ ಜಿಯು ಹೊಳೆ ತನಕ ಹೋಗಿ ಬರ್ತಿದ್ದ. ಜನ ನಗೋರು. ನಕ್ಕೊಳ್ಳಲಿ, ನಗೋ ಬಾಯಿಗೆ ಬೀಗ ಹಾಕೋಕಾಗುತ್ತಾ?

ಈಗ ಕಾರಿನ ಕತೆ. ಅವನಷ್ಟೇ ಹಳೇ ಗಾಡಿ ಅನ್ನಿ, ನಮ್ಮ ಕಡೆಯ ಎಲ್ಲಾ ಗಾಡಿ ಹಾಗೆ ಸ್ಟೇರಿಂಗ್ ಎಡಗಡೆ, ಪಕ್ಕದ ಸೀಟು ಬಲಗಡೆ. ಅದರ ಮುಂದಿನ ಬಲಗಡೆ ಟೈರು ತಿಂಗಳು ತಿಂಗಳಿಗೆ ಸವೀತಿತ್ತು. ಅದೂ ಒಳ ಅಂಚು ಮಾತ್ರ. ಹೊರ ಅಂಚಲ್ಲಿ ಹೊಸ ಟೈರಿನ ಗೀರು ಹಾಗೇ ಇದ್ದರೆ, ಒಳ ಅಂಚು ನುಣ್ಣಗೆ ಬೋಳು. ಕೋಸ್ತಾಕೆ ಅಂಗೈಯಿಂದ ಅದನ್ನ ಸವರಿ ಸವರಿ ತಲೆ ಕೆರಕೊಂಡಿದ್ದ. ಗಾಳಿ ಕಮ್ಮಿ ಇದ್ದರೆ ಎರಡೂ ಅಂಚು ಸವೀಬೇಕು, ಜಾಸ್ತಿ ಇದ್ದರೆ ನಡುಮಧ್ಯ ಸವೀಬೇಕು. ಒಂದೇ ಅಂಚು ಅಂದ್ರೆ ಚಕ್ರ ವಾಲಿದೆ ಅಂತ ಲೆಕ್ಕ. ಚಕ್ರ ಹಿಡಿದು ಅಲ್ಲಾಡಿಸಿದ, ಸಡಿಲ ಇಲ್ಲ. ದಾರ ಕಟ್ಟಿ ಅಳೆದ, ನೆಟ್ಟಗಿದೆ. ಎಡಗಡೆ ಟೈರು ಬಲಕ್ಕೆ ಹಾಕಿದ, ಅದೂ ಒಳಗೇ ಸವೀತು. ಸ್ಪ್ರಿಂಗ್ ಹೊಸದು ಹಾಕಿದ... ಆದರೂ ಹಾಡಿದ್ದೇ ಹಾಡು.

ಮಾರನೇ ದಿನ ಹೊತ್ತು ಮುಳುಗೋ ಹೊತ್ತಿಗೆ ಪಾಂಫಿಲ್ ಕಾರು ತರೋಕೆ ಹೋದ. ಕೋಸ್ತಾಕೆ ಮುಂದಿನ ಬಲ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿಟ್ಟಿದ್ದ. ಆ ಕಡೆ ಗಾಡಿ ಎರಡು ಬೆರಳು ಕೆಳಗಿತ್ತು.

"ಪಾಂಫಿಲಣ್ಣ, ಪಕ್ಕದ ಸೀಟಲ್ಲಿ ಏನು ಮೂಟೆ ಇಟ್ಟಿದೀಯ?"

ಪಾಂಫಿಲ್ ಏನೂ ಇಲ್ಲ ಅಂದ. ಕೋಸ್ತಾಕೆ ಎದ್ದು ಕಿಟಕಿಯಿಂದ ನೋಡಿದ. ಸೀಟು ಖಾಲಿ. ಆದರೆ ರೆಕ್ಸಿನ್ ನಡುವೆ ತಗ್ಗಾಗಿತ್ತು... ಆ ಕಡೆಗೆ, ಡ್ರೈವರ್ ಸೀಟಿನ ಕಡೆಗೆ ವಾಲಿದ ತಗ್ಗು.

ತಗಡಿನ ಮಾಡಿನಿಂದ ನೀರು 'ತೊಟ್... ತೊಟ್...' ಅಂತ ಡಬ್ಬಕ್ಕೆ ಬೀಳ್ತಿತ್ತು. ಪಾಂಫಿಲ್ ಟೋಪಿ ತೆಗೆದ. ಕಿಟಕಿ ಹತ್ತಿರ ಬಗ್ಗಿದ. ಪಿಸುಮಾತಲ್ಲಿ ಹೇಳಿದ:

"ಸಾಫ್ತಾ... ಒಂದು ಗಳಿಗೆ ಇಳಿ ಕಣೇ. ಕೋಸ್ತಾಕೆ ನೋಡಬೇಕಂತೆ."

ಏನೂ ಆಗಲಿಲ್ಲ. ಆಮೇಲೆ... 'ಕಿರ್ರ್ರ್...' ಸ್ಪ್ರಿಂಗ್ ನಿಧಾನಕ್ಕೆ ಬಿಚ್ಚಿಕೊಳ್ತು. ಬಲಗಡೆ ಗಾಡಿ ಎರಡು ಬೆರಳು ಮೇಲೆದ್ದಿತು. ರೆಕ್ಸಿನ್ 'ಫುಸ್ಸ್' ಅಂತ ಉಬ್ಬಿತು. ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ ಕೋಸ್ತಾಕೆಯ ಎದೆ ಅಲ್ಲೇ ಒಡೀತಿತ್ತೋ ಏನೋ.

ಅವನು ಮೂರು ಸಲ ಶಿಲುಬೆ ಗುರುತು ಹಾಕ್ಕೊಂಡ. ಪ್ಲಮ್ ಸಾರಾಯಿ ತಂದು ಸತ್ತವಳ ಪಾಲು ಅಂತ ಮೊದಲ ತೊಟ್ಟು ನೆಲಕ್ಕೆ ಚೆಲ್ಲಿದ, ಉಳಿದದ್ದು ಇಬ್ಬರೂ ಕುಡಿದರು. ಆಮೇಲೆ ಕೋಸ್ತಾಕೆ ಕೇಳಿದ, ಸತ್ತ ನಲವತ್ತನೇ ದಿನಕ್ಕೆ ಅವಳ ಹೆಸರಲ್ಲಿ ಏನೇನು ಕೊಟ್ಟೆ ಅಂತ. ನಮ್ಮಲ್ಲಿ ಗೊತ್ತಲ್ಲ, ಇಲ್ಲಿ ಇನ್ನೊಬ್ಬರಿಗೆ ಕೊಟ್ಟದ್ದೇ ಅಲ್ಲಿ ಸತ್ತವರಿಗೆ ಸಿಗೋದು. ಪಾಂಫಿಲ್ ಹೇಳಿದ: ಬಟ್ಟೆ, ಚಪ್ಪಲಿ, ಹಾಸಿಗೆ, ಬಕೀಟು, ದೀಪ, ತಟ್ಟೆ, ಲೋಟ. ಏನೂ ಕಮ್ಮಿ ಮಾಡಿರಲಿಲ್ಲ.

"ಕುರ್ಚಿ?"

ಪಾಂಫಿಲ್ ಲೋಟ ಕೆಳಗಿಟ್ಟ.

"ಕುರ್ಚಿ ಕೊಡಲಿಲ್ವಾ ಅಣ್ಣ?"

"ಅವಳು ಕೂತದ್ದೇ ನಾನು ನೋಡಿಲ್ವೋ," ಅಂದ ಪಾಂಫಿಲ್. "ಊಟಾನೂ ಒಲೆ ಹತ್ರ ನಿಂತೇ ಮಾಡೋಳು. ಕುರ್ಚಿ ತಗೊಂಡು ಅವಳೇನು ಮಾಡ್ತಾಳೆ ಅಂದ್ಕೊಂಡೆ."

"ಎಲ್ಲೂ ಕೂರ್ತಿರಲಿಲ್ವಾ?"

"ಗುರುವಾರ ಸಂತೆಗೆ ಹೋಗುವಾಗ, ಕಾರಲ್ಲಿ. ಬುಟ್ಟಿ ತೊಡೆ ಮೇಲಿಟ್ಕೊಂಡು... ನನ್ನ ಕಡೆ ವಾಲಿ ನಿದ್ದೆ ಹೋಗೋಳು."

ಕೋಸ್ತಾಕೆ ಬೋಳು ಟೈರು ನೋಡಿದ. ವರ್ಷ ತುಂಬೋದರೊಳಗೆ ಕುರ್ಚಿ ಕೊಟ್ಟುಬಿಡು, ಪಾಪ ಅಲ್ಲಿ ನಿಂತೇ ಇದಾಳೆ, ಕೂರೋಕೆ ಇಲ್ಲಿ ತನಕ ಬರ್ತಾಳೆ ಅಂದ. ಕೊಟ್ಟರೆ ಏನಾಗುತ್ತೆ ಅಂತ ಪಾಂಫಿಲ್ ಕೇಳಿದ.

"ಕೊಟ್ಟರೆ ಟೈರು ಸವೆಯಲ್ಲ ಅಣ್ಣ."

"ಟೈರು ಸವೀಲಿ ಬಿಡೋ," ಅಂತ ಪಾಂಫಿಲ್ ಕಾರು ತಗೊಂಡು ಹೊರಟುಬಿಟ್ಟ.

ತಪ್ಪು ಅನ್ನಬೇಡಿ. ಖಾಲಿ ಮನೇಲಿ ಒಬ್ಬನೇ ಗಂಜಿ ಕಾಸಿ ಕುಡಿಯೋನ ಸಂಕಟ ಕುಡಿಯೋನಿಗೇ ಗೊತ್ತು. ಅವನು ಇನ್ನೂ ಜಾಸ್ತಿ ಓಡಾಡೋಕೆ ಶುರು ಮಾಡಿದ. ಸಂಜೆ ಹೊತ್ತು ಹೊಳೆ ದಂಡೇಲಿ ಕಾರು ನಿಲ್ಲಿಸಿ, ದ್ರಾಕ್ಷಿ ಬಳ್ಳಿ ಕತ್ತರಿಸಿದ್ದು, ಹಂದಿ ಮರಿ ಹಾಕಿದ್ದು, ಎಲ್ಲಾ ಹೇಳ್ತಿದ್ದ. ಆದರೆ ಮನೆಗೆ ಬಂದು ಮಲಗಿದರೆ ನಿದ್ದೆ ಇಲ್ಲ. ಕೊನೇ ದಿನಗಳಲ್ಲಿ ಅವಳ ಕಾಲು ಕಂಬದ ಹಾಗೆ ಊದಿತ್ತು. ಆ ಕಾಲು ಕಣ್ಣಿಗೆ ಕಟ್ಟೋದು. ತಾನು ಮಲಗಿದಾಗ ಅವಳು ಅಲ್ಲಿ ನಿಂತಿದಾಳೆ... ನನ್ನ ಒಂಟಿತನಕ್ಕೆ ಅವಳನ್ನ ನಿಲ್ಲಿಸಿಟ್ಟಿದೀನಲ್ಲ ಅಂತ ಹಾಸಿಗೆ ಮೇಲೆ ಎದ್ದು ಕೂರ್ತಿದ್ದ.

ವರ್ಷ ತುಂಬೋ ಹಿಂದಿನ ಗುರುವಾರ ಸಂತೆಯಿಂದ ಕುರ್ಚಿ ತಂದ. ಹಸೀ ಮರದ ವಾಸನೆ ಹೊಡೀತಿದ್ದ, ಜೊಂಡು ಹೆಣೆದ ಕುರ್ಚಿ. ಬಾವಿ ಹತ್ತಿರ ಕಾರು ನಿಲ್ಲಿಸಿದ. ಇಂಜಿನ್ ಆರಿಸಿದ. ಬಲಕ್ಕೆ ತಿರುಗಲಿಲ್ಲ, ಧೈರ್ಯ ಬರಲಿಲ್ಲ.

"ಕೊಡ್ಲಾ ಸಾಫ್ತಾ?"

ಇಂಜಿನ್ ತಣಿಯೋ 'ಟಿಕ್... ಟಿಕ್...' ಅಷ್ಟೇ. ಆಮೇಲೆ ಅವನ ಬಲತೋಳಿಗೆ ಭಾರ ಬಂತು. ತಲೆ ಒರಗಿಸಿದಷ್ಟು ಭಾರ. ಏತದ ಮರ ಒಂದು ಸಲ 'ಕ್ರೀ...ಕ್' ಅಂದು ಸುಮ್ಮನಾಗೋ ತನಕ ಇತ್ತು... ಹೋಯ್ತು.

ಪಕ್ಕದ ಬೀದಿಯ ಮುದುಕಿ ಲೀನಾಗೆ ಕುರ್ಚಿ ಕೊಟ್ಟ. ಬೆನ್ನಿಗೆ ಹೊಸ ಟವಲು ಕಟ್ಟಿ, ಮೇಣದ ಬತ್ತಿ ಹಚ್ಚಿ, ಸಾಫ್ತಾ ಹೆಸರು ಹೇಳಿ ಕೊಟ್ಟ. ದೇವರು ಅವಳಿಗೆ ಮುಟ್ಟಿಸಲಿ ಅಂತ ಲೀನಾ ತಗೊಂಡಳು. ಅಲ್ಲಿಂದ ಮನೆಗೆ ಎಷ್ಟು ದೂರ? ಕೂಗಿದರೆ ಕೇಳುತ್ತೆ. ಅಷ್ಟರಲ್ಲೇ ಕಾರು ಎಡಗಡೆ ಚರಂಡಿಗೆ ಇಳೀತು. ವರ್ಷಪೂರ್ತಿ ಬಲಕ್ಕೆ ಎಳೀತಿದ್ದ ಗಾಡೀನ ಎಡಕ್ಕೆ ಹಿಡಿದು ಹಿಡಿದು ಅವನ ಕೈಗೆ ರೂಢಿಯಾಗಿತ್ತು. ಈಗ ಎಳೆಯೋರು ಇರಲಿಲ್ಲ. ಸ್ಟೇರಿಂಗ್ ಮೇಲೆ ತಲೆ ಇಟ್ಟು ಗಳಗಳ ಅತ್ತ. ಎತ್ತೋಕೆ ಹೋದವರಲ್ಲಿ ನಾನೂ ಒಬ್ಬ, ಕಣ್ಣಾರೆ ನೋಡಿದೀನಿ.

ಆಮೇಲೆ ಟೈರು ಸರಿಯಾಯ್ತು. ನಾಲ್ಕೂ ಒಂದೇ ಸಮ, ಕೋಸ್ತಾಕೆಯನ್ನೇ ಕೇಳಿ. ಪಾಂಫಿಲ್ ಈಗ ಕಾರು ಅಷ್ಟಾಗಿ ತೆಗೆಯಲ್ಲ. ಸಂಜೆಯಾದರೆ ಲೀನಾ ಮನೆ ಮೆಟ್ಟಿಲ ಮೇಲೆ ಹೋಗಿ ಕೂರ್ತಾನೆ. ಆ ಕುರ್ಚಿ ಅವನ ಬಲಗಡೆ ಇರುತ್ತೆ. ಅವನು ಕೊಟ್ಟ ದಿನ ಲೀನಾ ಅದರಲ್ಲಿ ಒಂದು ಸಲ ಶಾಸ್ತ್ರಕ್ಕೆ ಕೂತದ್ದು ಬಿಟ್ಟರೆ ಯಾರೂ ಕೂತಿಲ್ಲ.

ನಾಳೆ ಬೆಳಗ್ಗೆ ಹೋಗಿ ನೋಡಿ, ನಾನು ಬೇಡ ಅನ್ನಲ್ಲ. ಕುರ್ಚಿ ವಾಲಿದೆ. ಮೆಟ್ಟಿಲ ಕಡೆಯ ಎರಡು ಕಾಲು ಸವೆದು ಮೋಟಾಗಿವೆ. ಆ ಕಡೆಯ ಎರಡರಲ್ಲಿ ಬಡಗಿಯ ಗರಗಸದ ಗುರುತು ಇನ್ನೂ ಹಾಗೇ ಇದೆ.