ಕಂಡೂ ಹೇಳದ ಪೈಪು

ಮೇಚೇರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಮೆಕ್ಯಾನಿಕರು ಕುಳಿತಿದ್ದರು. ಕಿರಿಯವನ ಕೈಯೆಲ್ಲ ಕಪ್ಪು ಎಣ್ಣೆ.

“ರೇಸಿಗೆ ಅಂತ ಕಾರಿನ ಇಂಜಿನ್ ಜೋರು ಮಾಡ್ದೆ ಬಾವ. ಈಗ ಸೀಲ್ ದಾಟಿ ಆಯಿಲ್ ಚಿಮ್ತೈತೆ.”

“ಚಿಮ್ದೆ ಇನ್ನೇನು? ಇಂಜಿನ್ ಜೋರಾದ್ರೆ ಒಳಗೆ ಗ್ಯಾಸೂ ಜಾಸ್ತಿ; ಅದು ಈಚೆ ಓಗಕ್ಕೆ ಅದೇ ಅಳೇ ಸಣ್ಣ ಪೈಪು ಬಿಟ್ಟಿದ್ದೀಯ.”

“ನಿಂಗೆಂಗೆ ಗೊತ್ತು?”

“ಓದ್ವಾರ ನಿನ್ ಶೆಡ್ಡಿಗೆ ಬಂದಾಗ್ಲೇ ನೋಡ್ದೆ.”

“ಯಾಕ್ ಏಳ್ಲಿಲ್ಲ?”

“ಮುದಲಾಳಿ ತನ್ನ ಕಾರು ರೆಡಿ ಮಾಡು ಅಂತ ಕೊಟ್ಟಿದ್ದು ನಂಗಾ? ನಿಂಗಲ್ವಾ ಲೇ?”

“ನಾಳೆ ರೇಸು ಬಾವ!”

ಕೊಳತ್ತೂರು ಬಸ್ ಬಂತು. ಹಿರಿಯವನು ಎದ್ದ.

“ನಡಿ ನಿನ್ ಶೆಡ್ಡಿಗೆ. ದಪ್ಪ ಪೈಪು ಆಕಿ, ಆಯಿಲ್ ಇಡಿಯಕ್ಕೆ ಒಂದು ಡಬ್ಬ ಕಟ್ಟಾನ. ಗೆದ್ರೆ ಮಾಲೆ ಯಾರ್ಗೆ?”

“ನಿಂಗೇ ಬಾವ.”

“ಪೇಪರ್ನಾಗೆ ಪೋಟೋ?”

ಕಿರಿಯವನು ಎಣ್ಣೆ ಕೈಯಲ್ಲೇ ಕ್ರಾಪು ತೀಡಿಕೊಂಡು ಬಸ್ ಹತ್ತಿದ.