ತಂಪು ಡಬ್ಬಿಯ ನಾಲ್ಕು ಸ್ಕ್ರೂ

...ಅದಕ್ಕ ಹೇಳೂದು, ನೀ ಸುಮ್ಮನ ಕೂಡು ಯಕ್ಕಾ. ನಾ ಕೇಳೂತನ ಬಾಯಿ ಬಿಚ್ಚಬ್ಯಾಡ. ಮೀಟರ್ ಮಾತಾಡೂ ಮುಂದ ಮನಷ್ಯಾರು ಮಾತಾಡಬಾರದು, ಪುಣೇದಾಗ ನಮ್ಮ ಉಸ್ತಾದ ಹಿಂಗ ಅಂತಿದ್ದ. ಹಾಂ, ಆ ಸ್ಟೂಲ್ ಮ್ಯಾಗ ಕೂಡು. ಔಷಧದ ತಂಪು ಡಬ್ಬಿ ಇತ್ತಾಗ ಸರಸು.

ಓಬಳೆಪ್ಪ ಎಲ್ಲಿ? ಚಾದಂಗಡ್ಯಾಗ? ಕುಡೀಲಿ ಬಿಡು. ನಲವತ್ಮೂರು ಕುರಿ ಮಣ್ಣಿಗೆ ಹಾಕಿದಾಂವ, ಒಂದ ಕಪ್ ಚಾ ಕುಡದ್ರ ಯಾರ ಬ್ಯಾಡಂತಾರ. ಅವ ಬರೂದ್ರಾಗ ನಾ ಪರೀಕ್ಷಾ ಮುಗಿಸಿ ಚೀಟಿ ಬರದಿಡತೇನಿ. ನಾಳಿ ನಿಮ್ಮೂರ ಕಟ್ಟಿ ಮ್ಯಾಗ ಅದನ್ನ ಓದಸ್ರಿ. ತಪ್ಪು ಶಿವಲಿಂಗಮ್ಮಂದೋ, ಡಬ್ಬೀದೋ. ನಿಂದು ಅಂದ್ರ ಪಶುಸಖಿ ಕೆಲಸ ಹೋತು. ಆಮ್ಯಾಲ ಊರಾಗ ಒಬ್ಬರೂ ನಿನ್ನ ಕೈಲೆ ಕುರಿ ಮುಟ್ಟಿಸಿಕೊಳ್ಳೂದಿಲ್ಲ. ಡಬ್ಬೀದು ಅಂದ್ರ... ನೋಡೋಣು.

ಅಳ್ತೀಯೇನ? ಇಲ್ಲಲ್ಲ. ಛಲೋ. ನಿನ್ನವು ಏಳು ಇದ್ವಂತ ಅದರಾಗ. ಏಳಕ್ಕ ಏಳೂ ಹೋದ್ವೇನ? ಊರ ಕುರಿಗೆ ಸೂಜಿ ಮಾಡಾಕಿ, ತನ್ನ ಮನೀ ಕುರಿ ಉಳಿಸಿಕೊಳ್ಳಾಕ ಆಗಲಿಲ್ಲ. ನಗಬಾರದು, ಗೊತ್ತೈತಿ. ಬಂದಬಿಡತೈತಿ ನಗಿ, ಏನ ಮಾಡ್ಲಿ.

ಡಾಕ್ಟರ್ ಏನಂದಾರ? ಔಷಧ ಕಾದೇತಿ ಅಂದಾರ. ಐಸಿನಾಗಿದ್ದಂಗ ಇರಬೇಕಿತ್ತು ಅದು. ನೀ ಏನ ಮಾಡಿದಿ, ಏಪ್ರಿಲ್ ಬಿಸಲಾಗ ಈ ಕುಷ್ಟಗಿ ಬಸ್‌ಸ್ಟ್ಯಾಂಡಿನ್ಯಾಗ ಹತ್ತಿದಿ, ಡಬ್ಬಿ ತೊಡಿ ಮ್ಯಾಗ, ಬ್ಯಾಟರಿ ಕಾಲಾಗ. ಕಾರಟಗಿ ಕಡೆ ಭತ್ತ ಕೊಯ್ದ ಗದ್ದ್ಯಾಗ ಓಬಳೆಪ್ಪ ಕುರಿ ನಿಲ್ಲಿಸಿದ್ದ. ಹೋಗಿ ಸೂಜಿ ಮಾಡಿ ಬಂದಿ. ಇಪ್ಪತ್ತ ದಿನಕ್ಕ ಹಿರೇಬ್ಯಾನಿ ಬಂತು, ನೀ ಸೂಜಿ ಮಾಡಿದ್ದೂ ಅದಕ್ಕನ. ಸೂಜಿ ಮಾಡಿಸಿಕೊಂಡವೂ ಬಿದ್ದವು. ಡಬ್ಬಿ ಚಾಲೂನ ಇತ್ತು ಅಂತೀ ನೀ, ಫ್ಯಾನ್ ತಿರಗತಿತ್ತು ಅಂತೀ. ಯಕ್ಕಾ, ಫ್ಯಾನ್ ತಿರಗೂದು ಬ್ಯಾರೆ, ತಂಪಾಗೂದು ಬ್ಯಾರೆ. ನಿನಗ ಯಾರ ಹೇಳಬೇಕು ಅದನ್ನ.

ಇಲ್ನೋಡು. ಇದು ಬಿಡಿ ಪ್ಲೇಟು. ನಿನ್ನ ಡಬ್ಬ್ಯಾಗಿಂದಲ್ಲ, ನಂದು. ಬಿಸ್ಕೀಟಿನಷ್ಟ ಐತಿ, ಎರಡ ವೈರು. ಪೆಲ್ಟಿಯರ್ ಅಂತಾರ. ಕರೆಂಟ್ ಕೊಟ್ರ ಒಂದ ಮೈ ತಣ್ಣಗ ಆಕ್ಕೈತಿ, ಇನ್ನೊಂದ ಮೈ ಬಿಸಿ. ಗ್ಯಾಸಿಲ್ಲ, ನೀರಿಲ್ಲ. ಹಿಡಿ. ಹೆಬ್ಬಟ್ಟು ಮ್ಯಾಗ, ಬೆರಳು ಕೆಳಗ. ಚಾಲೂ ಮಾಡಿದೆ. ಹೆಬ್ಬಟ್ಟಿಗೆ ತಣ್ಣಗ ಹತ್ತಿತಿಲ್ಲ? ಕೆಳಗ? ಕಾಯಾಕ್ಹತ್ತಿತು, ಹೌದಿಲ್ಲ. ಹಿಡಕೋ, ಹಿಡಕೋ. ಆ ಬಿಸಿ ಎಳದು ಹೊರಗ ಚೆಲ್ಲಾಕ ಫ್ಯಾನ್ ಇರೂದು, ತಿಳೀತಾ? ಸಾಕು, ಬಿಡು. ಬಿಡಂದ್ನಲ್ಲ. ಏ, ಬೊಬ್ಬಿ ಏಳತಾವ, ಬಿಡು... ನಾನ ವೈರ್ ಕಿತ್ತೆ ನೋಡು. ಎಂಥಾ ಹೆಂಗಸು ಮಾರಾಯ್ತಿ ನೀ. ತೋರಿಸು ಬೆರಳು. ಕೆಂಪಾಗೇತಿ.

ಬಿಡಲಿಲ್ಲ ಯಾಕ? ಹನಮೇಶ ಹಿಡಿ ಅಂದಾ ಅಂತ ಸಾಯೂತನ ಹಿಡೀತಿಯೇನ? ಹಿಂಗ ನೋಡು ನಿಮ್ಮ ಬಾಳೇ ಹಾಳಾಗೂದು. ಯಾರು ಏನ ಕೊಟ್ರೂ ಹಿಡಕೊಂಡ ಕುಂದರ್ತೀರಿ.

ಹಂಗ್ಯಾಕ ನೋಡ್ತಿ? ಓದು, ಇದರ ಮ್ಯಾಗಿನ ನಂಬರ್ ಓದು. ನಾಕನೆತ್ತಾ ಕಲ್ತೀಯಲ್ಲ. ನಾ ಐದಕ್ಕ ಬಿಟ್ಟು ಓಡಿದಾಂವ, ನಿನಗಿಂತ ಒಂದ ವರ್ಷ ಶ್ಯಾಣ್ಯಾ. ನಾನ ಓದತೇನಿ: ಒಂದು, ಎರಡು, ಏಳು, ಒಂದು, ಸೊನ್ನಿ. ಕೊನೀ ಎರಡ ಅಂಕೀನ ಅದರ ತಾಕತ್ತು. ಹತ್ತು ಆಂಪ್ಸ್. ಹನ್ನೆರಡ ವೋಲ್ಟ್ ಬ್ಯಾಟರಿಗೆ ಹನ್ನೆರಡ ಹತ್ಲೆ ನೂರಾ ಇಪ್ಪತ್ತು ವಾಟು. ಆದ್ರ ಬರದದ್ದೆಲ್ಲ ಖರೇ ಅಲ್ಲ. ಸ್ಪಿರಿಟ್ ಹಚ್ಚಿ ಅರಬಿಲೆ ಒರಸಿದ್ರ ಈ ಅಕ್ಷರ ಹೋಗತೈತಿ, ಹೊಸಾದು ಒತ್ತಿದ್ರ ಮೂರು ಇದ್ದಲ್ಲಿ ಹತ್ತು ಬರತೈತಿ. ನಿಮ್ಮಂಥವ್ರು ಏನ ನೋಡ್ತೀರಿ? ದಪ್ಪ ನೋಡ್ತೀರಿ. ಕಂಬಳಿ ಕೊಂಡಂಗ ಹಿಚುಕಿ ನೋಡಿ, ದಪ್ಪ ಐತಿ, ಗಟ್ಟಿ ಐತಿ ಅಂತೀರಿ. ಇದರಾಗ ಉಲ್ಟಾ ಐತಿ ಯಕ್ಕಾ. ತಾಕತ್ತಿಂದು ತೆಳ್ಳಗ. ದಪ್ಪಂದು ಸತ್ತದ್ದು.

ಈಗ ನಿನ್ನ ಡಬ್ಬಿ. ಬ್ಯಾಟರಿ ಫುಲ್ ಐತಿ, ನೋಡಕೋ, ಹನ್ನೆರಡೂವರಿ. ಇಲ್ಲಂದ್ರ ಆಮ್ಯಾಲ ಚಾರ್ಜ್ ಇರಲಿಲ್ಲ ಅಂತೀರಿ. ಒಂದ ವೈರ್ ನಡಕ ಬಿಚ್ಚಿ ಮೀಟರ್ ಹಾಕಿದೆ. ನಾ ಬಾಯಿಲೆ ಹೇಳೂದಿಲ್ಲ, ನಿನ್ನ ಕಣ್ಣಿಲೆ ನೋಡು. ಖರೇ ಹತ್ತರದ್ದು ಇದ್ರ ಓಡೂ ಮುಂದ ಏಳಾದ್ರೂ ತೋರಿಸಬೇಕು. ಹಾಕಲೆ? ಹಾಕಿದೆ.

ಎರಡು ಪಾಯಿಂಟ್ ಎಂಟು.

ಫ್ಯಾನಿಂದೂ ಸೇರಿ. ಹನ್ನೆರಡ ಮೂರ್ಲೆ ಮೂವತ್ತಾರು, ಅಷ್ಟೂ ಇಲ್ಲ. ನೂರಾ ಇಪ್ಪತ್ತಂತ ಸ್ಟಿಕರ್ ಹಚಗೊಂಡು ಒಳಗ ಮೂವತ್ತೈದು. ಇದರಿಂದ ಏನ ಆಕ್ಕೈತಿ? ಹೊರಗ ನಲವತ್ತೆರಡು ಇದ್ರ ಒಳಗ ಇಪ್ಪತ್ತೈದು. ಔಷಧ ಕುದೀಲಿಲ್ಲ ಅಷ್ಟ. ಸತ್ತ ನೀರು ಚುಚ್ಚಿ ಬಂದೀ ಯಕ್ಕಾ ನೀ. ನಲವತ್ಮೂರಕ್ಕೂ. ಒಂದೊಂದರ ಕಿವಿ ಹಿಡದು, ಪ್ರೀತೀಲೆ ಚುಚ್ಚಿರಬೇಕು, ನಿನ್ನ ಸ್ವಭಾವ ಹಂಗ ಐತಿ.

ಅಂದ್ರ ತಪ್ಪು ಡಬ್ಬೀದು. ಉಸಿರು ಬಂತು ನೋಡು ಮಾರಿ ಮ್ಯಾಗ. ಬಂದಿಲ್ಲ? ಇರಲಿ. ಡಬ್ಬೀದು ಅಂದ್ರ ಡಬ್ಬಿ ಮಾಡಿದ ಹನಮೇಶಂದು ಅನಬ್ಯಾಡ. ನಾ ಕೈಯಾರ ಹಾಕಿದ್ದು ಹತ್ತರದ್ದು. ಸಂಕ್ರಾಂತಿಗೆ ಫ್ಯಾನ್ ಕೂಗತೈತಿ ಅಂತ ಆ ರಿಪೇರಿ ಇಮ್ರಾನನ ಕಡೆ ಒಯ್ದಿದ್ದಿ ಹೌದಲ್ಲ? ನೀನ ಹೇಳೀಯಲ್ಲ. ಅಲ್ಲೇ ಆಗೇತಿ ಕಾರಭಾರ. ಒಳಗಿಂದ ತಗದು ಇದನ್ನ ಕೂಡಿಸ್ಯಾನ. ಈಗ ಎಲ್ಲದಾನ ಇಮ್ರಾನ? ಸೌದಿಗೆ ಹೋಗ್ಯಾನ. ಕೇಳು ಹೋಗು.

ಏನ ಸನ್ನಿ ಅದು? ಹೊರಗ ಫ್ಯಾನಿನ ಜಾಳಗಿ ಸಂದ್ಯಾಗಿಂದ ಎಣ್ಣಿ ಬಿಟ್ಟಾ, ಅಷ್ಟನ? ಬಿಚ್ಚಲೇ ಇಲ್ಲ? ನೀ ಎದುರಿಗೇ ನಿಂತಿದ್ದಿ? ಚಾ ತಗೊಂಬಾ ಅಂತ ಕಳಿಸಿರ್ತಾನ. ನಾಕ ಸ್ಕ್ರೂ ಬಿಚ್ಚಾಕ ಎಷ್ಟ ಹೊತ್ತು ಬೇಕು. ಚೀಟ್ಯಾಗ ಹಿಂಗ ಬರೀತೇನಿ: ಇಮ್ರಾನ ಬಿಚ್ಚಿ ಪ್ಲೇಟ್ ಬದಲಿ ಮಾಡ್ಯಾನ, ಶಿವಲಿಂಗಮ್ಮ ನನಗ ತೋರಿಸದನ ಒಯ್ದಾಳ. ಅರ್ಧ ಅವಂದು, ಅರ್ಧ ನಿಂದು. ಉಳದೀ ಹೋಗು. ಕೆಲಸ ಹೋದ್ರೂ ಊರಾಗ ಇರಾಕ ಬಿಟ್ಟಾರು.

ಬಿಚ್ಚಿ ತೋರಿಸಿಬಿಡತೇನಿ, ಓಬಳೆಪ್ಪಗೂ ದಪ್ಪ ಪ್ಲೇಟ್ ಕಾಣಲಿ. ಎಷ್ಟ ಧೂಳು ಯಕ್ಕಾ ಇದರ ಮ್ಯಾಗ, ಕುರಿ ಹಿಕ್ಕಿ ಒಂದ ಬಾಕಿ. ಒರಸತೇನಿ ತಡಿ...

ಇದೇನು ಹಳದಿ.

ಹೌದು ಹೌದು, ನಿಮ್ಮ ಪೂಜಿ. ಹೋದ ವರ್ಷ ಇದೇ ಬಾಗಲಾಗ, ಡಬ್ಬಿ ಒಯ್ಯೂ ದಿನ. ಓಬಳೆಪ್ಪ ಸೊಂಟದ ಚೀಲದಾಗಿನ ದೇವರ ಭಂಡಾರ ತಗದು ಕಾಯಿನೀರಾಗ ಕಲಸಿ ಹೆಬ್ಬಟ್ಟಿಲೆ ನಾಕೂ ಮೂಲಿಗೆ ಒತ್ತಿದ್ದ. ಬ್ಯಾಟರಿ ಡಬ್ಬಿಗೆ ಪೂಜಿ ಮಾಡ್ತೀರಲ್ಲ ಅಂತ ನಾ ನಕ್ಕಿದ್ದೆ. ಕಾಯಿ ಒಡದದ್ದು ನಾನ. ಮೂಲಿಗೆ ಅಂದ್ರ ಸ್ಕ್ರೂ ಮ್ಯಾಗನ ಒತ್ಯಾನ ನೋಡು. ಗಚ್ಚಿನಂಗ ಕುಂತೈತಿ. ಸ್ಕ್ರೂ ತಲಿ ಕಾಣವಲ್ದು.

ಬೆರಳ ಯಾಕ ಇಟ್ಟಿ ಅಲ್ಲಿ? ತಗಿ. ಕಾಣತೈತಿ ನನಗೂ.

ಒಡದಿಲ್ಲ. ನಾಕೂ ಒಡದಿಲ್ಲ. ಹೌದು. ಪೂಜಿ ಆದ ಮ್ಯಾಲ ಯಾರೂ ಬಿಚ್ಚಿಲ್ಲ... ಹಂಗಂತ ಏನಾತು? ಇಮ್ರಾನ ಬಿಚ್ಚಿ ಮತ್ತ ಭಂಡಾರ ಹಚ್ಚಿರಬೇಕು. ಅವನ ಕಡೆ ಎಲ್ಲಿ ಭಂಡಾರ... ಅಲ್ಲ, ಬಜಾರದಾಗ ಸಿಗತೈತಿ ಅರಿಶಿಣ. ನಗಬ್ಯಾಡ. ನಕ್ಕಿಲ್ಲ? ಏನರ ಅನ್ನು ಮತ್ತ.

ಸರಿ, ಕೇಳು. ಹತ್ತರದ್ದು ಇರಲಿಲ್ಲ ಆ ದಿನ. ನೀವು ಊರ ಹದಿನೈದು ಮಂದಿ ಡಬ್ಬಿ ಒಯ್ಯಾಕ ಕಾಯಿ ಹಿಡಕೊಂಡು ಬಾಗಲಾಗ ನಿಂತ್ರಿ. ಅಷ್ಟ ಮಂದಿ ನನ್ನ ಬಾಗಲಾಗ ಯಾವತ್ತ ನಿಂತಿದ್ರು? ನಾಳಿ ಬರ್ರಿ ಅನ್ನಲೇನು? ಮೂರರದ್ದು ಇತ್ತು, ಹಾಕಿದೆ, ಸ್ಟಿಕರ್ ಹಚ್ಚಿದೆ. ಮುಂದ ಬದಲಿ ಮಾಡಿ ಕೊಟ್ರಾತು ಅಂದ್ಕೊಂಡೆ. ಮರತೆ. ಕುರಿ ಸಾಯಲಿ ಅಂತ ಹಾಕಿದ್ನೇನು? ನೀರಿನ ಬಾಟಲಿ ಇಟಗೋತೀರಿ, ಮಜ್ಜಿಗಿ ಇಟಗೋತೀರಿ ಅಂತ...

ಔಷಧಕ್ಕ ಅಂತ ಹೇಳಿದ್ದಿ. ಹೌದು, ಹೇಳಿದ್ದಿ.

ಆತಲ್ಲ, ನಿನಗ ಗೊತ್ತಾತು. ಇನ್ನ್ಯಾರಿಗೆ ಗೊತ್ತಾಕ್ಕೈತಿ? ನೋಡಿಲ್ಲಿ. ಒಂದು. ಕೆರದ್ರ ಎಷ್ಟ ಹಗೂರ ಏಳತೈತಿ ನೋಡು. ಎರಡು. ಯಾಕ ತಡೀವಲ್ಲಿ? ಕೈ ಹಿಡಿ, ಒದರು, ಓಬಳೆಪ್ಪನ ಕರಿ. ಮೂರು. ಸುಟ್ಟ ಬೆರಳು ಮಡಚಗೊಂಡು ಸುಮ್ಮನ ಕುಂತೀಯಲ್ಲ. ನಾಕು. ಮುಗೀತು. ಈಗ ಹೇಳು ಹೋಗು ಊರಾಗ, ಯಾರೂ ಬಿಚ್ಚಿದ್ದಿಲ್ಲ ಅಂತ. ನಿನ್ನ ಮಾತು ಯಾರ ನಂಬತಾರ? ನಲವತ್ಮೂರು ಕೊಂದಾಕಿ ನೀ.

ಏನ ನೋಡ್ತಿ? ನನ್ನ ಕೈ ಯಾಕ ನೋಡ್ತಿ?

ಭಂಡಾರ ಹತ್ತಿ ಹಳದಿ ಆಗ್ಯಾವ. ಒರಸಿಕೊಂಡ್ರ ಹೋಗತೈತಿ. ಅರಬಿಗೆ ಎಣ್ಣಿ ಇತ್ತು, ಕಲಸಿಬಿಟ್ತು. ಸ್ಪಿರಿಟ್ ಎಲ್ಲಿ... ಉಗರ ಸಂದ್ಯಾಗೆಲ್ಲ ಹೋಗೇತಿ. ಪ್ಯಾಂಟಿಗೂ ಹತ್ತಿತು ಇದರವ್ವನ. ಅದ್ಯಾವ ಬಸ್ಸು, ಹೊಸಪೇಟಿದೇನು? ಎಷ್ಟ ಹೊತ್ತು ನಿಲ್ಲತೈತಿ?

ಯಕ್ಕಾರ, ಅಲ್ಲಿ ಕೈ ತೊಳ್ಯಾಕ ಸಬಕಾರ ಐತಿ, ಸ್ವಲ್ಪ ಕೊಡ್ರಿ. ಅಲ್ಲೇ, ನಿಮ್ಮ ಹಿಂದ. ನಿಮಗ ಹೊಸಾ ಪ್ಲೇಟ್ ಹಾಕಿ ಕೊಡತೇನ್ರಿ, ಖರೇ ಹತ್ತರದ್ದು. ಚೀಟೀನೂ ನೀವು ಹೆಂಗಂತೀರಿ ಹಂಗ ಬರೀತೇನಿ. ಏಳ್ರಿ, ಕೆಮ್ಮು ಕೇಳಾಕ್ಹತ್ತೇತಿ, ಓಬಳೆಪ್ಪಂದನ ಅದು. ಏನರ ಅನ್ರೀ.

ಬರ್ರಿ ಓಬಳೆಪ್ಪಾರ, ಬರ್ರಿ. ಚಾ ಆತೇನ್ರಿ? ಇಲ್ಲ, ನೋಡಿಲ್ರಿ ಇನ್ನಾ, ಇದೇ ಈಗ ಬಿಚ್ಚಬೇಕು ಅಂತ... ಕೈಗೇನ್ರಿ? ಕೈಗೇನಾಗೇತಿ, ಏನಿಲ್ರಿ... ಯಕ್ಕಾರ ಹೇಳ್ತಾರ ಕೇಳ್ರಿ. ಹೇಳ್ರಿ ಯಕ್ಕಾರ. ಯಕ್ಕಾರ...